ಗುಂಗುರು ಗರಿಯ ಹೆಬ್ಬಾತು ಸದಾ ಒದ್ದೆಯಾಗಿದ್ದರೆ ಎಲ್ಲಿಂದ ಹುಡುಕಬೇಕು?

ಸೆಬಾಸ್ಟೊಪೊಲ್ ಹೆಬ್ಬಾತು ಸಾಕುವವರು ಒಂದಲ್ಲ ಒಂದು ದಿನ ಇದನ್ನು ನೋಡಿಯೇ ನೋಡುತ್ತಾರೆ. ಮಳೆ ನಿಂತು ಎರಡು ಗಂಟೆಯಾಗಿದೆ. ಉಳಿದವೆಲ್ಲ ಮೈ ಕೊಡವಿಕೊಂಡು ಹುಲ್ಲು ಮೇಯುತ್ತಿವೆ. ಒಂದು ಮಾತ್ರ ಮೂಲೆಯಲ್ಲಿ ಕುತ್ತಿಗೆ ಕುಗ್ಗಿಸಿ ನಿಂತಿದೆ. ಬೆನ್ನಿನ ಗುಂಗುರು ಗರಿಗಳೆಲ್ಲ ನೀರಲ್ಲಿ ಅದ್ದಿದ ಹತ್ತಿಯ ಹಾಗೆ ಜೋತು ಬಿದ್ದಿವೆ. ಹತ್ತಿರ ಹೋದರೆ ಸಣ್ಣಗೆ ನಡುಗುತ್ತಿದೆ.

ಇದು ರೋಗವಾ, ತಳಿಯ ಗುಣವಾ, ಸಾಕುವ ರೀತಿಯಲ್ಲಿ ತಪ್ಪಾ? ಮೂರೂ ಆಗಿರಬಹುದು. ನೋಡಿದ ತಕ್ಷಣ ಔಷಧಿಗೆ ಕೈ ಹಾಕಬೇಡಿ. ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಒಂದು ಹಕ್ಕಿ ಮಾತ್ರ ಹೀಗಿದೆಯಾ, ಇಲ್ಲಾ ಎಲ್ಲವೂ ಹೀಗಿವೆಯಾ? ಎಲ್ಲವೂ ಒದ್ದೆಯಾಗಿದ್ದರೆ ಜಾಗ ನೋಡಿ. ಒಂದೇ ಒದ್ದೆಯಾಗಿದ್ದರೆ ಆ ಹಕ್ಕಿಯನ್ನು ಕೈಗೆತ್ತಿಕೊಂಡು ನೋಡಿ. ಈ ಪ್ರಶ್ನೆ ಕೇಳಿಕೊಳ್ಳದೆ ನಾನು ಮೂರು ವಾರ ಕಳೆದುಕೊಂಡೆ. ಅದನ್ನು ಮುಂದೆ ಹೇಳುತ್ತೇನೆ.

ತಳಿಯ ಗುಣ ಯಾವುದು, ದೋಷ ಯಾವುದು

ಮಾಮೂಲಿ ಹೆಬ್ಬಾತಿನ ಗರಿಯ ನಡುವೆ ಗಟ್ಟಿ ಕಡ್ಡಿ ಇರುತ್ತದೆ. ಕಡ್ಡಿಯ ಎರಡೂ ಬದಿಗೆ ಎಳೆಗಳು. ಎಳೆಗೂ ಎಳೆಗೂ ನಡುವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳು. ಈ ಕೊಕ್ಕೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕೂತಾಗ ಗರಿ ಹಾಳೆಯ ಹಾಗಾಗುತ್ತದೆ, ನೀರು ಅದರ ಮೇಲೆ ನಿಲ್ಲದೆ ಜಾರುತ್ತದೆ. ಸೆಬಾಸ್ಟೊಪೊಲ್‌ನ ಗರಿಯ ಕಡ್ಡಿ ತೆಳು. ಬಳುಕುತ್ತದೆ, ಸೀಳಿರುತ್ತದೆ. ಅದಕ್ಕೇ ಗರಿ ಸುರುಳಿ ಸುತ್ತಿಕೊಂಡು ಬೆನ್ನು, ತೊಡೆ, ಬಾಲದಿಂದ ನೆಲದವರೆಗೂ ಇಳಿಯುತ್ತದೆ. ನೋಡಲು ಎಷ್ಟು ಚೆಂದವೋ ನೀರು ತಡೆಯುವುದರಲ್ಲಿ ಅಷ್ಟೇ ಬಡಪಾಯಿ. ರೆಕ್ಕೆಯ ದೊಡ್ಡ ಗರಿಗಳಲ್ಲೂ ಬಿಗಿ ಇಲ್ಲದ್ದರಿಂದ ಇವು ಹಾರುವುದಿಲ್ಲ.

ಇದರಲ್ಲಿ ಎರಡು ಬಗೆ. ಒಂದರಲ್ಲಿ ಎದೆ, ಹೊಟ್ಟೆಯೂ ಸೇರಿ ಮೈಯೆಲ್ಲ ಗುಂಗುರು. ಇನ್ನೊಂದರಲ್ಲಿ ಎದೆ ನುಣುಪು, ಬೆನ್ನು ಮತ್ತು ರೆಕ್ಕೆಯಲ್ಲಿ ಮಾತ್ರ ಸುರುಳಿ. ಮಳೆಯಲ್ಲಿ ಎರಡನೆಯದು ಬೇಗ ಚೇತರಿಸಿಕೊಳ್ಳುತ್ತದೆ. ಎರಡೂ ಬಗೆಯವು ನಿಮ್ಮಲ್ಲಿದ್ದರೆ ಒಂದರ ಜೊತೆ ಇನ್ನೊಂದನ್ನು ಹೋಲಿಸಿ ಗಾಬರಿಯಾಗಬೇಡಿ.

ಹೆಸರಿನ ಬಗ್ಗೆ ಒಂದು ಮಾತು. ಸೆಬಾಸ್ಟೊಪೊಲ್ ಕಪ್ಪು ಸಮುದ್ರದ ಬಂದರು. ಆದರೆ ಈ ತಳಿಯ ನೆಲ ಡಾನ್ಯೂಬ್ ನದಿ ಮತ್ತು ಕಪ್ಪು ಸಮುದ್ರದ ಸುತ್ತಲಿನ ಆಗ್ನೇಯ ಯುರೋಪು. 1860ರಲ್ಲಿ ಇಂಗ್ಲೆಂಡಿನ ಪ್ರದರ್ಶನದಲ್ಲಿ ಇದೇ ಹೆಸರಿನಲ್ಲಿ ಇಟ್ಟಿದ್ದರು, ಹೆಸರು ಹಾಗೇ ಉಳಿಯಿತು. ಜರ್ಮನರು ಇದನ್ನು ಕರೆಯುವ ಹೆಸರಿನ ಅರ್ಥವೇ ‘ಗುಂಗುರು ಹೆಬ್ಬಾತು’. ಮೂಲದಲ್ಲಿ ಇದು ಗ್ರೇಲ್ಯಾಗ್ ಎಂಬ ಕಾಡು ಹೆಬ್ಬಾತಿನ ಸಂತತಿಯೇ. ಹಾಗಾಗಿ ಹುಲ್ಲು, ನೀರು, ಜೊತೆಗಾರರು ಇವಕ್ಕೂ ಬೇಕೇ ಬೇಕು. ಚೆಂದಕ್ಕೆ ಸಾಕುವ ಹಕ್ಕಿ ಅಂತ ಪಂಜರದಲ್ಲಿಟ್ಟರೆ ಮೊದಲು ಕೆಡುವುದೇ ಗರಿ.

ಈಗ ಪರೀಕ್ಷೆ. ಹಕ್ಕಿ ಸ್ನಾನ ಮಾಡಿ ಒಂದೆರಡು ಗಂಟೆ ಬಿಸಿಲಲ್ಲೋ ಗಾಳಿ ಬೀಸದ ಒಣ ಜಾಗದಲ್ಲೋ ಇದ್ದ ಮೇಲೆ ಹಿಡಿಯಿರಿ. ಹೊಟ್ಟೆಯ ಗರಿಯನ್ನು ಎರಡು ಬೆರಳಿನಿಂದ ಬಿಡಿಸಿ, ಚರ್ಮಕ್ಕೆ ಅಂಟಿಕೊಂಡ ಮೃದು ತುಪ್ಪಳವನ್ನು ಮುಟ್ಟಿ. ಹೊರಗಿನ ಸುರುಳಿ ತೇವವಾಗಿದ್ದು ಒಳಗಿನ ತುಪ್ಪಳ ಬೆಚ್ಚಗೆ, ಒಣಗಿ ಇದ್ದರೆ ಅದು ತಳಿಯ ಗುಣ, ಬಿಟ್ಟುಬಿಡಿ. ಒಳಗಿನ ತುಪ್ಪಳವೇ ಒದ್ದೆಯಾಗಿ, ಗಂಟುಗಂಟಾಗಿ, ಚರ್ಮ ತಣ್ಣಗಿದ್ದರೆ ಅದು ದೋಷ. ಮುಂದಿನದೆಲ್ಲ ಅಂಥ ಹಕ್ಕಿಗೆ.

ಎಲ್ಲವೂ ಒದ್ದೆ: ನೀರಿನ ತೊಟ್ಟಿಯಿಂದ ಶುರು ಮಾಡಿ

ಗರಿ ಒದ್ದೆಯಾಗುತ್ತಿದೆ ಅಂತ ಸ್ನಾನದ ನೀರನ್ನೇ ತೆಗೆದುಬಿಡುವವರು ಇದ್ದಾರೆ. ನನ್ನ ಪ್ರಕಾರ ಈ ತಳಿಗೆ ಮಾಡಬಹುದಾದ ದೊಡ್ಡ ಅನ್ಯಾಯ ಇದು. ಹೆಬ್ಬಾತು ಗರಿ ತೊಳೆದುಕೊಂಡ ಮೇಲೇ ಅದನ್ನು ಕೊಕ್ಕಿನಿಂದ ತೀಡಿ, ಬಿಚ್ಚಿಹೋದ ಎಳೆಗಳನ್ನು ಕೂಡಿಸಿ, ಬಾಲದ ಬುಡದ ಎಣ್ಣೆ ಹಚ್ಚಿಕೊಳ್ಳುವುದು. ನೀರಿಲ್ಲದಿದ್ದರೆ ತೀಡುವುದೂ ಕಡಿಮೆಯಾಗುತ್ತದೆ. ಗರಿಯಲ್ಲಿ ಧೂಳು, ಹಿಕ್ಕೆ ತುಂಬುತ್ತದೆ. ಮುಂದೆ ಒಂದು ಮಳೆ ಬಂದರೆ ಸಾಕು, ನೀರು ಸೀದಾ ಚರ್ಮಕ್ಕೆ ಇಳಿಯುತ್ತದೆ.

ಕುಡಿಯುವ ನೀರಿನ ಪಾತ್ರೆ ಕನಿಷ್ಠ ತಲೆ ಪೂರ್ತಿ ಮುಳುಗುವಷ್ಟು ಆಳ ಇರಬೇಕು. ಕಣ್ಣು, ಮೂಗಿನ ಹೊಳ್ಳೆ ತೊಳೆದುಕೊಳ್ಳುವುದು ಅದರಲ್ಲೇ. ಕಣ್ಣಿನ ಸುತ್ತ ನೊರೆಯೋ ಪಿಸುರೋ ಕಟ್ಟಿದ್ದರೆ ಮೊದಲು ಪಾತ್ರೆ ಬದಲಿಸಿ ನೋಡಿ. ಸ್ನಾನಕ್ಕೆ ಬೇರೆ ಟಬ್ ಬೇಕು. ಒಳಗೆ ಇಳಿದು ತಲೆ ಅದ್ದಿ ಎತ್ತಿದರೆ ನೀರು ಬೆನ್ನ ಮೇಲೆ ಹರಿದು ಹೋಗುವಷ್ಟು ಆಳ. ದೊಡ್ಡ ಕೆರೆಯೇನೂ ಬೇಡ. ಆದರೆ ನೀರು ಹಸಿರಾಗಿ, ಮೇಲೆ ಜಿಡ್ಡಿನ ಪೊರೆ ಕಟ್ಟುವ ಮೊದಲೇ ಬದಲಾಯಿಸಬೇಕು. ಜಿಡ್ಡಿನ ನೀರಲ್ಲಿ ಮಾಡಿದ ಸ್ನಾನ ಗರಿಗೆ ಜಿಡ್ಡನ್ನೇ ಮೆತ್ತುತ್ತದೆ.

ನೀರು ಸರಿಯಿದ್ದೂ ಎಲ್ಲವೂ ಕೊಳಕಾಗಿ ಒದ್ದೆಯಾಗಿದ್ದರೆ ಟಬ್ಬಿನ ಸುತ್ತಲಿನ ನೆಲ ನೋಡಿ. ಹಕ್ಕಿ ಸ್ನಾನ ಮಾಡಿ ಹೊರಗೆ ಕಾಲಿಡುವ ಆ ಒಂದೆರಡು ಹೆಜ್ಜೆಯ ಜಾಗವೇ ಸಮಸ್ಯೆ. ಅಲ್ಲಿ ಕೆಸರಿದ್ದರೆ ನೆನೆದ ಉದ್ದ ಗರಿ ಕೆಸರನ್ನು ಪೊರಕೆಯ ಹಾಗೆ ಗುಡಿಸಿಕೊಂಡು ಹೋಗುತ್ತದೆ. ಕೆಸರು ಒಣಗಿ ಗಟ್ಟಿಯಾದ ಮೇಲೆ ಗರಿಯ ಎಳೆ ಮುರಿಯುತ್ತದೆ. ಟಬ್ಬಿನ ಸುತ್ತ ಒಂದು ಮಾರಿನಷ್ಟು ಅಗಲಕ್ಕೆ ನುಣುಪಾದ ಗುಂಡುಕಲ್ಲು ಹಾಸಿ, ನೀರು ಇಳಿದುಹೋಗಲು ಸಣ್ಣ ಕಾಲುವೆ ತೆಗೆಯಿರಿ. ಚೂಪು ಜಲ್ಲಿ ಬೇಡ. ಅಂಗಾಲು ಗೀರಿ ಕೀವು ತುಂಬಿ ಗಂಟಾಗುತ್ತದೆ. ಕಲ್ಲು ಹಾಸಿದ ಮೇಲೆ ನನ್ನಲ್ಲಿ ಗರಿಯ ಅರ್ಧ ತೊಂದರೆ ಕಡಿಮೆಯಾಯಿತು. ಇದಕ್ಕಿಂತ ಒಳ್ಳೆಯ ಒಂದು ದಿನದ ಕೆಲಸ ಈ ಹಕ್ಕಿಗಳಿಗಾಗಿ ನಾನು ಬೇರೆ ಮಾಡಿಲ್ಲ.

ಮಲಗುವ ಜಾಗ ಇನ್ನೊಂದು. ರಾತ್ರಿ ಹಕ್ಕಿಗಳ ಗೂಡಿನೊಳಗೆ ನೀರಿನ ತೊಟ್ಟಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಹಾಸು ಪೂರ್ತಿ ರಾಡಿ. ಹಾಸಿದ ಒಣಹುಲ್ಲಿನ ಮೇಲೆ ನಿಮ್ಮ ಮೊಣಕಾಲೂರಿ ಒಂದು ನಿಮಿಷ ಕೂತು ಎದ್ದು ನೋಡಿ. ಬಟ್ಟೆ ಒದ್ದೆಯಾದರೆ ಹಕ್ಕಿಯ ಹೊಟ್ಟೆಯೂ ರಾತ್ರಿಯಿಡೀ ಒದ್ದೆ. ಬೂಷ್ಟು ವಾಸನೆ ಬರುವ ಹುಲ್ಲನ್ನಂತೂ ಒಳಗೆ ತರಲೇಬೇಡಿ. ಅದರ ಶಿಲೀಂಧ್ರ ಶ್ವಾಸಕೋಶಕ್ಕೆ ಹೋದರೆ ಉಸಿರಾಟದ ಕಾಯಿಲೆ ಬರುತ್ತದೆ, ವಾಸಿ ಮಾಡುವುದು ಬಹಳ ಕಷ್ಟ. ಒಣಗಿದ್ದರೆ ಚಳಿಯನ್ನು ಇವು ಚೆನ್ನಾಗಿಯೇ ತಡೆಯುತ್ತವೆ. ಮಳೆ ಮತ್ತು ಗಾಳಿ ಒಟ್ಟಿಗೆ ಬಂದಾಗ ಮಾತ್ರ ಸೂರು ಬೇಕು, ಅದೂ ಗಾಳಿಯ ಕಡೆ ಗೋಡೆಯಿರುವ ಸೂರು.

ಒಂದೇ ಒದ್ದೆ: ಕೈಗೆತ್ತಿಕೊಂಡು ನೋಡುವ ಕ್ರಮ

ನನ್ನ ಬಿಳಿ ಗಂಡು ಹೆಬ್ಬಾತಿನ ಬಾಲದ ಸುತ್ತ ಸದಾ ಒದ್ದೆ ಇರುತ್ತಿತ್ತು. ಬಿಳಿ ಗರಿ ಅಲ್ಲಿ ಮಾತ್ರ ಮಾಸಲು ಕಂದು. ಟಬ್ ಸಣ್ಣದಾಯಿತೇನೋ ಅಂದುಕೊಂಡು ದೊಡ್ಡದು ತಂದೆ. ವಾರವಾಯಿತು, ಅದೇ ಸ್ಥಿತಿ. ಹಾಸು ಬದಲಿಸಿದೆ. ಆಹಾರ ಬದಲಿಸಿದೆ. ಮೂರು ವಾರ ಹೀಗೇ ಹೋಯಿತು. ಒಂದು ಸಂಜೆ ಬಾಗಿಲು ಹಾಕುವಾಗ, ಅದೇ ಟಬ್ಬಿನಲ್ಲಿ ಮಿಂದ ಎರಡು ಹೆಣ್ಣುಗಳು ಬೆಳ್ಳಗೆ, ಒಣಗಿ ಕೂತಿರುವುದು ಕಣ್ಣಿಗೆ ಬಿತ್ತು. ಅಲ್ವಾ, ನೀರೇ ಕೆಟ್ಟಿದ್ದರೆ ಇವೂ ಕೆಡಬೇಕಿತ್ತು. ಆಗ ಗಂಡನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ಟಾರ್ಚ್ ಹಿಡಿದು ಮಲದ್ವಾರದ ಸುತ್ತಲಿನ ತುಪ್ಪಳ ಬಿಡಿಸಿದೆ.

ಗರಿಯ ಬುಡದಲ್ಲಿ ಬೂದಿ ಉದುರಿಸಿದ ಹಾಗೆ ಕಪ್ಪು ಪುಡಿ ಇತ್ತು. ಕೊಳೆ ಅಂದುಕೊಂಡೆ. ಹೆಬ್ಬೆರಳಿನಿಂದ ಒರೆಸಲು ಹೋದರೆ ಆ ಪುಡಿ ಹರಿದಾಡಿತು. ಎರಡು ಮೂರು ಸೆಕೆಂಡಿನಲ್ಲಿ ನನ್ನ ಬೆರಳ ಮೇಲೆ, ಮಣಿಕಟ್ಟಿನ ಕೂದಲಿನ ನಡುವೆ ಚುಕ್ಕಿಗಳು ಓಡತೊಡಗಿದವು. ನುಸಿ.

ಕೋಳಿ, ಹೆಬ್ಬಾತುಗಳಲ್ಲಿ ಕಾಣುವ ರಕ್ತ ಹೀರುವ ನುಸಿಯಲ್ಲಿ ಎರಡು ಮುಖ್ಯ. ಒಂದು ಕೆಂಪು ನುಸಿ, ಹಗಲೆಲ್ಲ ಗೂಡಿನ ಮರದ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಇನ್ನೊಂದು ಹಗಲೂ ರಾತ್ರಿ ಹಕ್ಕಿಯ ಮೈ ಮೇಲೇ ಇರುತ್ತದೆ, ಮಲದ್ವಾರದ ಸುತ್ತಲಿನ ಬೆಚ್ಚಗಿನ ಜಾಗ ಅದಕ್ಕೆ ಇಷ್ಟ. ನನ್ನ ಗಂಡಿಗೆ ಹತ್ತಿದ್ದು ಎರಡನೆಯದು. ಅದರ ಕಾಟಕ್ಕೆ ಹಕ್ಕಿ ಆ ಭಾಗದ ಗರಿಯನ್ನು ಕಚ್ಚಿ ಕಚ್ಚಿ ಎಳೆ ಮುರಿದುಕೊಳ್ಳುತ್ತದೆ. ಎಳೆ ಮುರಿದಲ್ಲಿ ನೀರು ಒಳಗೆ ನುಗ್ಗುತ್ತದೆ.

ಔಷಧಿಯನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ, ಮೊಟ್ಟೆ ತಿನ್ನುವವರಾದರೆ ಎಷ್ಟು ದಿನ ತಿನ್ನಬಾರದು ಅಂತಲೂ ಕೇಳಿ. ಎರಡು ವಿಷಯ ಮರೆಯಬೇಡಿ. ಒಂದು, ಈ ನುಸಿಯ ಮೊಟ್ಟೆ ಒಂದು ವಾರದೊಳಗೆ ಬೆಳೆದ ನುಸಿಯಾಗುತ್ತದೆ. ಒಂದು ಸಲ ಹಾಕಿ ಸುಮ್ನೆ ಕೂತರೆ ಮೊಟ್ಟೆಯಿಂದ ಹೊರಬಂದವು ಮತ್ತೆ ಮನೆ ಮಾಡುತ್ತವೆ. ಎರಡನೇ ಸಲದ ಔಷಧಿ ತಪ್ಪಿಸಬಾರದು. ಎರಡು, ಕಾಣಿಸಿದ್ದು ಒಂದರ ಮೈಯಲ್ಲಾದರೂ ಗುಂಪಿನ ಎಲ್ಲಕ್ಕೂ ಚಿಕಿತ್ಸೆ ಬೇಕು.

ಇನ್ನೊಂದು ಮಾತು, ಇದನ್ನು ಮೊದಲೇ ತಿಳಿದಿದ್ದರೆ ನನಗೆ ಅಷ್ಟು ಆತಂಕ ಆಗುತ್ತಿರಲಿಲ್ಲ. ನುಸಿ ಹೋದ ಮೇಲೂ ಆ ಗಂಡು ಒದ್ದೆಯಾಗಿಯೇ ಇತ್ತು. ಗರಿ ನಮ್ಮ ಉಗುರಿನ ಹಾಗೆ, ಬೆಳೆದ ಮೇಲೆ ಅದರಲ್ಲಿ ಜೀವ ಇಲ್ಲ. ಮುರಿದ ಎಳೆ ಮತ್ತೆ ಕೂಡುವುದಿಲ್ಲ. ಮುಂದಿನ ಸಲ ಪುಕ್ಕ ಕಳಚಿ ಹೊಸದು ಬರುವವರೆಗೆ ಕಾಯಲೇಬೇಕು. ಅಲ್ಲಿಯವರೆಗೆ ಅದನ್ನು ಮಳೆಗೆ ಬಿಡದೆ, ಬಿಸಿಲಿದ್ದ ದಿನ ಮಾತ್ರ ಸ್ನಾನಕ್ಕೆ ಬಿಟ್ಟೆ. ಹೊಸ ಗರಿ ಬಂದ ಮೇಲೆ ಒಂದು ಬೆಳಗ್ಗೆ ಟಬ್ಬಿನಿಂದ ಎದ್ದು ಮೈ ಕೊಡವಿದಾಗ ಬಾಲದ ಹತ್ತಿರ ನೀರು ಮಣಿಮಣಿಯಾಗಿ ಉದುರಿತು. ಅಲ್ಲೇ ಬಕೆಟ್ ಕೆಳಗಿಟ್ಟು ನೋಡುತ್ತಾ ನಿಂತುಬಿಟ್ಟೆ.

ನುಸಿ ಸಿಗದಿದ್ದರೆ ಎಣ್ಣೆಯ ಗ್ರಂಥಿ ನೋಡಿ. ಬಾಲ ಶುರುವಾಗುವ ಜಾಗದಲ್ಲಿ, ಮೇಲ್ಭಾಗದಲ್ಲಿ ಒಂದು ಸಣ್ಣ ಉಬ್ಬು, ಅದರ ತುದಿಗೆ ಕುಂಚದಂಥ ಪುಟ್ಟ ಜುಟ್ಟು. ಈ ತಳಿಯಲ್ಲಿ ಉದ್ದ ಗರಿಗಳ ಅಡಿ ಅದು ಪೂರ್ತಿ ಮುಚ್ಚಿಹೋಗಿರುತ್ತದೆ, ಬೆರಳಿನಿಂದಲೇ ಹುಡುಕಬೇಕು. ಜುಟ್ಟನ್ನು ಮೆಲ್ಲಗೆ ಉಜ್ಜಿ ಬೆರಳಿಗೆ ಬೆರಳು ತೀಡಿದರೆ ಜಿಡ್ಡು ಗೊತ್ತಾಗಬೇಕು. ಉಬ್ಬು ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಿದರೆ ಹಕ್ಕಿ ಕೊಸರಿದರೆ ಗ್ರಂಥಿ ಕಟ್ಟಿಕೊಂಡಿರಬಹುದು. ಹಿಂಡಲು ಹೋಗಬೇಡಿ, ವೈದ್ಯರಿಗೆ ತೋರಿಸಿ.

ಗ್ರಂಥಿಯೂ ಸರಿಯಿದ್ದರೆ ಎದೆಮೂಳೆ ಮುಟ್ಟಿ. ಗುಂಗುರು ಗರಿ ಮೋಸ ಮಾಡುತ್ತದೆ, ಒಳಗೆ ಹಕ್ಕಿ ಸೊರಗಿದ್ದರೂ ಹೊರಗೆ ದುಂಡಗೆ ಕಾಣುತ್ತದೆ. ಮೂಳೆಯ ಎರಡೂ ಬದಿ ಮಾಂಸ ತುಂಬಿರಬೇಕು, ಚಾಕುವಿನ ಅಂಚಿನ ಹಾಗೆ ಸಿಗಬಾರದು. ಬೆಳೆದ ಗಂಡು ಸುಮಾರು 5.5ರಿಂದ 6.5 ಕಿಲೋ, ಹೆಣ್ಣು 4.5ರಿಂದ 5.5 ಕಿಲೋ ತೂಗುತ್ತದೆ. ಸೊರಗಿದ ಹಕ್ಕಿ ಗರಿ ತೀಡುವುದನ್ನೇ ಬಿಡುತ್ತದೆ. ಆಗ ಒದ್ದೆ ಗರಿ ಬರೀ ಲಕ್ಷಣ, ಕಾಯಿಲೆ ಒಳಗಿದೆ. ಹೆಬ್ಬಾತಿನ, ಅದರಲ್ಲೂ ಮರಿಗಳ, ಕಲ್ಲುಹೊಟ್ಟೆಯಲ್ಲಿ (ತಿಂದದ್ದನ್ನು ಅರೆಯುವ ಗಟ್ಟಿ ಹೊಟ್ಟೆ) ಸೇರುವ ಒಂದು ಜಂತುಹುಳ ಹೀಗೆ ಸೊರಗಿಸುತ್ತದೆ. ಹಿಕ್ಕೆ ಪರೀಕ್ಷೆ ಮಾಡಿಸಿ, ಆಮೇಲೆ ಹುಳದ ಔಷಧಿ ಕೊಡಿ.

ಸೋಪಿನ ವಿಷಯ. ಬಿಳಿ ಹಕ್ಕಿ ಮಾಸಿದೆ ಅಂತ ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜುವುದು ಬೇಡ. ಕೊಳೆಯ ಜೊತೆ ಎಣ್ಣೆಯೂ ಹೋಗುತ್ತದೆ, ಮುಂದಿನ ಕೆಲವು ದಿನ ಹಕ್ಕಿ ಸ್ಪಂಜಿನ ಹಾಗಾಗುತ್ತದೆ. ಯಂತ್ರದ ಎಣ್ಣೆಯಂಥದ್ದು ಮೆತ್ತಿಕೊಂಡಿದ್ದರೆ ಬೇರೆ ಮಾತು. ಆಗ ಬೆಚ್ಚಗಿನ ನೀರಲ್ಲಿ ತೊಳೆದು, ಸೋಪಿನ ಅಂಶ ಒಂಚೂರೂ ಉಳಿಯದ ಹಾಗೆ ಜಾಲಾಡಿ, ಮೈ ಪೂರ್ತಿ ಒಣಗುವವರೆಗೆ ಒಳಗೇ ಇಡಬೇಕು.

ಬಾಲದ ಅಡಿ ಹಿಕ್ಕೆ ಮೆತ್ತಿ ಗಟ್ಟಿಯಾಗಿದ್ದರೆ ಅದನ್ನು ಅಂದೇ ನೋಡಬೇಕು, ನಾಳೆಗೆ ಇಡಬಾರದು. ಬೆಚ್ಚಗಿನ ದಿನಗಳಲ್ಲಿ ನೊಣ ಅಲ್ಲಿ ಮೊಟ್ಟೆಯಿಡುತ್ತದೆ. ಒಂದು ದಿನದೊಳಗೆ ಹುಳ ಬೀಳಬಹುದು. ನೇರ ಗರಿಯ ಹೆಬ್ಬಾತಿನಲ್ಲಿ ದೂರದಿಂದಲೇ ಕಾಣುವ ಗಾಯ ಇಲ್ಲಿ ಗುಂಗುರಿನ ಅಡಿ ಅಡಗಿರುತ್ತದೆ. ವಾಸನೆ ಬಂದ ಮೇಲೆ ಗೊತ್ತಾದರೆ ತಡವಾಗಿದೆ ಎಂದೇ ಅರ್ಥ. ಆ ಭಾಗದ ಗರಿಯನ್ನು ಕತ್ತರಿಯಿಂದ ಚಿಕ್ಕದು ಮಾಡಿ ಇಡಿ.

ಗರಿ ಮುರಿದಿದೆ, ಉದುರಿದೆ

ವರ್ಷಕ್ಕೊಮ್ಮೆ, ಮೊಟ್ಟೆ ಮರಿ ಮುಗಿದ ಮೇಲೆ, ಪುಕ್ಕ ಕಳಚುತ್ತದೆ. ಅದಕ್ಕೆ ಮುಂಚಿನ ಒಂದೆರಡು ತಿಂಗಳು ಗರಿ ಸವೆದು, ತುದಿ ಹರಿದು ಹಕ್ಕಿ ತೀರಾ ಬಡವಾಗಿ ಕಾಣುತ್ತದೆ. ಎಲ್ಲವೂ ಒಟ್ಟಿಗೆ ಹಾಗೆ ಕಂಡರೆ ಕಾಲದ ಗುಣ. ಒಂದೇ ಹಕ್ಕಿಯ ಬೆನ್ನೋ ಕುತ್ತಿಗೆಯೋ ಬೋಳಾಗಿ, ಗರಿಯ ತುದಿ ಕತ್ತರಿಸಿದ ಹಾಗಿದ್ದರೆ ಬೇರೆ ಯಾವುದೋ ಹಕ್ಕಿ ಕಿತ್ತು ತಿನ್ನುತ್ತಿದೆ. ಅರ್ಧ ಗಂಟೆ ದೂರದಲ್ಲಿ ಕೂತು ನೋಡಿ, ಯಾರೆಂದು ಗೊತ್ತಾಗುತ್ತದೆ. ಜಾಗ ಸಾಲದೆ, ಮೇಯಲು ಹಸಿರು ಸಾಲದೆ ಹೀಗೆ ಮಾಡುವುದೇ ಜಾಸ್ತಿ. ಹೊಸ ಗರಿ ಮೂಡುವಾಗ ಪ್ರೋಟೀನ್ ಬೇಕು, ಬರೀ ಜೋಳ ಹಾಕಿದರೆ ಗರಿ ಪೀಚಾಗಿ ಬರುತ್ತದೆ. ಮೂಡುತ್ತಿರುವ ಗರಿಯ ಕಡ್ಡಿಯೊಳಗೆ ರಕ್ತ ಹರಿಯುತ್ತಿರುತ್ತದೆ. ಆಗ ಹಕ್ಕಿಯನ್ನು ಹಿಡಿಯುವುದು, ಓಡಿಸುವುದು ಕಡಿಮೆ ಮಾಡಿ. ಅಂಥ ಗರಿ ಮುರಿದು ರಕ್ತ ಸುರಿದರೆ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ನುಣುಪು ಹಿಟ್ಟು) ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಮರಿಯ ರೆಕ್ಕೆ ಹೊರಗೆ ತಿರುಗಿದೆ

ಈ ತಳಿಯಲ್ಲಿ ಇದನ್ನು ಗುರುತಿಸುವುದು ನಿಜವಾಗಿ ಕಷ್ಟ. ರೆಕ್ಕೆಯ ಗರಿ ಹೇಗೂ ತಿರುಚಿ ಜೋಲುತ್ತಿರುತ್ತದೆ. ಗರಿ ನೋಡಬೇಡಿ, ಕೀಲು ಮುಟ್ಟಿ. ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ ಮಡಚಿ, ಕೊನೆಯ ಕೀಲು ಮೈಗೆ ಒತ್ತಿಕೊಂಡು ಕೂತರೆ ತೊಂದರೆ ಇಲ್ಲ. ಕೀಲಿನಿಂದಲೇ ಹೊರಕ್ಕೆ ತಿರುಗಿದ್ದರೆ ಅದು ದೋಷ. ಹೊಸ ಗರಿಯ ಭಾರ ತಡೆಯುವಷ್ಟು ಕೀಲು ಗಟ್ಟಿಯಾಗುವ ಮೊದಲೇ ಮರಿ ಬೇಗ ಬೇಗ ಬೆಳೆದಾಗ ಹೀಗಾಗುತ್ತದೆ. ಕಂಡ ದಿನವೇ ರೆಕ್ಕೆಯನ್ನು ಸಹಜ ಭಂಗಿಯಲ್ಲಿ ಮಡಚಿ ಮೃದು ಬ್ಯಾಂಡೇಜ್ ಸುತ್ತಿ. ಉಸಿರಾಟಕ್ಕೆ ಬಿಗಿಯಾಗಬಾರದು. ದಿನಾ ಬಿಚ್ಚಿ ನೋಡಿ, ಮೂರರಿಂದ ಐದು ದಿನದಲ್ಲಿ ಸಾಮಾನ್ಯವಾಗಿ ಸರಿಯಾಗುತ್ತದೆ. ಮೂಳೆ ಬಲಿತ ಮೇಲೆ ಆಗುವುದಿಲ್ಲ. ಮೊದಲ ಮೂರು ವಾರ 20ರಿಂದ 22 ಶೇಕಡ ಪ್ರೋಟೀನ್ ಇರುವ ಆಹಾರ ಕೊಟ್ಟವರು ಆಮೇಲೆ ಅದನ್ನು 15ರ ಆಸುಪಾಸಿಗೆ ಇಳಿಸಿ, ಹುಲ್ಲಿನಲ್ಲಿ ಓಡಾಡಲು ಬಿಡಬೇಕು.

ಮರಿಯ ಕಾಲು ಬಾಗಿ, ಕೀಲು ಊದಿ, ಕುಂಟುತ್ತಿದ್ದರೆ ನಿಯಾಸಿನ್ ಎಂಬ ಬಿ ವಿಟಮಿನ್ನಿನ ಕೊರತೆ ಇರಬಹುದು. ಕೋಳಿಮರಿಗೆ ಸಾಕಾಗುವಷ್ಟು ನಿಯಾಸಿನ್ ಹೆಬ್ಬಾತಿನ ಮರಿಗೆ ಸಾಕಾಗುವುದಿಲ್ಲ. ಕೋಳಿಮರಿ ಫೀಡನ್ನೇ ಹಾಕುವವರು ಅದಕ್ಕೆ ಬ್ರೂವರ್ಸ್ ಯೀಸ್ಟ್ (ನಿಯಾಸಿನ್ ಇರುವ ಒಣ ಯೀಸ್ಟ್ ಪುಡಿ) ಬೆರೆಸಿ.

ಮರಿ ಗುಂಗುರಾಗಿಲ್ಲ ಅನ್ನುವ ದೂರಿಗೆ ಮದ್ದು ಕಾಯುವುದೊಂದೇ. ಮೊದಲ ಗರಿಯಲ್ಲಿ ಸುರುಳಿ ಪೂರ್ತಿ ಕಾಣುವುದಿಲ್ಲ, ಒಂದು ಸಲ ಪುಕ್ಕ ಕಳಚಿದ ಮೇಲೆ ಅದರ ನಿಜರೂಪ.

ಮೊಟ್ಟೆ ಇದೆ, ಮರಿ ಇಲ್ಲ

ಹೆಣ್ಣು ವರ್ಷಕ್ಕೆ ಸುಮಾರು 25ರಿಂದ 35 ಮೊಟ್ಟೆ ಇಡುತ್ತದೆ, ಕಾವು 28ರಿಂದ 30 ದಿನ. ಕಾವಿಗೆ ಕೂತ ಹತ್ತನೇ ದಿನದ ಹೊತ್ತಿಗೆ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡಿ. ಜೇಡನ ಹಾಗೆ ರಕ್ತನಾಳ ಕಂಡರೆ ಮರಿ ಕಟ್ಟಿದೆ. ಎಲ್ಲ ಮೊಟ್ಟೆಯೂ ಸ್ವಚ್ಛವಾಗಿ ಬೆಳಗಿದರೆ ಕೂಡಿಕೆಯೇ ಆಗಿಲ್ಲ. ಕಾರಣ ಬಹಳ ಸಲ ಗುಂಗುರೇ. ದಟ್ಟ ಗರಿ ಅಡ್ಡ ಬರುತ್ತದೆ. ಮೊಟ್ಟೆಯ ಕಾಲಕ್ಕೆ ಮುಂಚೆ ಗಂಡು ಹೆಣ್ಣು ಎರಡರದ್ದೂ ಮಲದ್ವಾರದ ಸುತ್ತಲಿನ ಗರಿಯನ್ನು ಕತ್ತರಿಸಿ. ಮೂಡುತ್ತಿರುವ ರಕ್ತವಿರುವ ಗರಿಗೆ ಕತ್ತರಿ ತಾಗಬಾರದು. ಈಜುವಷ್ಟು ನೀರಿದ್ದರೆ ಇನ್ನೂ ಒಳ್ಳೆಯದು, ಹೆಬ್ಬಾತು ನೀರಿನಲ್ಲೇ ಸಲೀಸಾಗಿ ಕೂಡುತ್ತದೆ. ಗಂಡಿಗೆ ಎರಡು ವರ್ಷ ತುಂಬಿದೆಯಾ ಅಂತಲೂ ನೋಡಿ. ಒಂದು ಗಂಡಿಗೆ ಎರಡು ಮೂರು ಹೆಣ್ಣಿಗಿಂತ ಜಾಸ್ತಿ ಬೇಡ.

ಕಾಯದೆ ವೈದ್ಯರನ್ನು ಕರೆಯಬೇಕಾದಾಗ

ಕುತ್ತಿಗೆ ಎತ್ತಲಾಗದೆ ಜೋಲುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ, ಒಂದು ದಿನದಿಂದ ಏನೂ ತಿನ್ನದಿದ್ದರೆ ಗರಿಯ ವಿಚಾರ ಪಕ್ಕಕ್ಕಿಡಿ. ಕುತ್ತಿಗೆ ಜೋಲಿದ್ದರೆ ಉಳಿದವನ್ನು ನಿಂತ ಕೊಳೆನೀರಿನಿಂದ ಕೂಡಲೇ ದೂರ ಮಾಡಿ, ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷದಿಂದ ಹೀಗಾಗುವುದುಂಟು. ಒಂದೆರಡು ದಿನದಲ್ಲಿ ಹಲವು ಹಕ್ಕಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಹಕ್ಕಿಜ್ವರದ ಸಾಧ್ಯತೆ ಇರುವುದರಿಂದ ಪಶುವೈದ್ಯ ಇಲಾಖೆಗೆ ತಿಳಿಸಿ.

ನಡುಗುತ್ತಿರುವ ಒದ್ದೆ ಹಕ್ಕಿಯನ್ನು ವೈದ್ಯರು ಬರುವವರೆಗೆ ಟವೆಲಿನಿಂದ ಒತ್ತಿ ಒರೆಸಿ, ಉಜ್ಜಬೇಡಿ. ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ, ಬೆಚ್ಚಗಿನ ಕೋಣೆಯಲ್ಲಿ, ಸಾಧ್ಯವಾದರೆ ಅದರ ಜೊತೆಗಾರನ ದನಿ ಕೇಳುವಷ್ಟು ಹತ್ತಿರದಲ್ಲಿ ಇಡಿ. ಫೋನಿನಲ್ಲಿ ಹೇಳಲು ಇಷ್ಟು ಬರೆದಿಟ್ಟುಕೊಳ್ಳಿ: ಯಾವತ್ತಿನಿಂದ ಹೀಗಿದೆ, ಒಂದಕ್ಕೋ ಎಲ್ಲಕ್ಕೋ, ಇವತ್ತಿನ ತೂಕ, ಏನು ತಿನ್ನುತ್ತಿದೆ, ಹಿಕ್ಕೆಯ ಬಣ್ಣ, ಬಾಲದ ಬುಡದಲ್ಲಿ ಬಿಡಿಸಿ ನೋಡಿದಾಗ ಕಂಡಿದ್ದೇನು.